ಅಳಿಸಿದ ಫೋಟೊ ಎಲ್ಲಿ ಉಳಿದಿತ್ತು?

ಮದುವೆ ಊಟದಲ್ಲಿ ಒಂದೊಂದು ಎಲೆಗೂ ಸಾರು ತರೋಕೆ ಯಾರೂ ಅಡುಗೆಮನೆಗೆ ಓಡಲ್ಲ. ಬಕೆಟ್ ತುಂಬಿಸಿಕೊಂಡೇ ಪಂಕ್ತಿಗೆ ಇಳಿತಾರೆ. ವೆಬ್ ಸರ್ವರ್‌ನ ಕ್ಯಾಶ್ ಅಂದ್ರೆ ಆ ಬಕೆಟ್.

ಹಿಂದೆ ನಾನಿದ್ದ ಕಂಪನಿಯ ಸೈಟ್‌ನಲ್ಲಿ ಬಳಕೆದಾರರ ಫೋಟೊಗಳು ತೆರೆಯೋಕೆ ತುಂಬಾ ಹೊತ್ತು ಹಿಡೀತಿತ್ತು. ಪ್ರತಿ ಫೋಟೊಗೂ ಹಿಂದಿನ ಸರ್ವರನ್ನೇ ಕೇಳಬೇಕಿತ್ತು. ಮುಂದಿದ್ದ ಎಂಜಿನ್‌ಎಕ್ಸ್‌ನಲ್ಲಿ ಕ್ಯಾಶ್ ಹಾಕೋ ಕೆಲಸ ನನಗೆ ಬಂತು.

ಫೋಲ್ಡರ್ ತೋರಿಸಿದೆ. ಕೀಗಳಿಗೆ 10 ಎಂಬಿ ಕೊಟ್ಟೆ. ಒಂದು ಎಂಬಿಯಲ್ಲಿ ಸುಮಾರು 8,000 ಕೀ ಹಿಡಿಸುತ್ತೆ. ಅವಧಿ 30 ದಿನ. ‘ಇನ್‌ಆಕ್ಟಿವ್’ ಅನ್ನೂ ಅಷ್ಟೇ ಮಾಡಿದೆ. ಇಲ್ಲದಿದ್ರೆ 10 ನಿಮಿಷ ಯಾರೂ ಕೇಳದ ಫೈಲನ್ನು ಅದು ತೆಗೆದುಹಾಕುತ್ತೆ.

ಆದ್ರೂ ಬರೀ ‘ಮಿಸ್’. ಫೋಟೊ ಜೊತೆ ಸೆಟ್-ಕುಕಿ ಬರ್ತಿತ್ತು, ಅದಿದ್ರೆ ಎಂಜಿನ್‌ಎಕ್ಸ್ ಕ್ಯಾಶ್ ಮಾಡಲ್ಲ. ಅದನ್ನು ಕಡೆಗಣಿಸು ಅಂತ ಬರೆದೆ. ಒಬ್ಬರ ಕುಕಿ ಇನ್ನೊಬ್ಬರಿಗೆ ಹೋಗದ ಹಾಗೆ ಮರೆಮಾಡಿದೆ ಕೂಡ. ಮತ್ತೆ ‘ಮಿಸ್’. ಕ್ಯಾಶ್-ಕಂಟ್ರೋಲ್‌ನಲ್ಲಿ ‘ಪ್ರೈವೇಟ್’ ಅಂತಿತ್ತು. ಯಾರೋ ಹಳಬರು ಸುಮ್ನೆ ಹಾಕಿರಬೇಕು ಅಂದುಕೊಂಡು ಅದನ್ನೂ ಕಡೆಗಣಿಸಿದೆ. ಹಿಟ್, ಹಿಟ್, ಹಿಟ್! ಟೀಮ್‌ನಲ್ಲಿ ಚಪ್ಪಾಳೆ.

ಮೂರು ವಾರದ ನಂತರ ಒಬ್ಬ ಹುಡುಗಿಯ ಮೇಲ್: “ಫೋಟೊ ಅಳಿಸಿದ್ದೀನಿ. ಲಿಂಕ್ ಇರೋರಿಗೆ ಇನ್ನೂ ಕಾಣ್ತಿದೆ. ದಯವಿಟ್ಟು ತೆಗೀರಿ.”

ಹಿಂದಿನ ಸರ್ವರ್‌ನಲ್ಲಿ ಫೋಟೊ ಇರಲಿಲ್ಲ. ಆದ್ರೆ ಅದನ್ನು ಈಗ ಕೇಳೋರು ಯಾರು? ಬಕೆಟ್‌ನಿಂದ ಬಡಿಸ್ತಾನೇ ಇದ್ವಿ. ಎಂಜಿನ್‌ಎಕ್ಸ್‌ನಲ್ಲಿ ಕ್ಯಾಶ್ ಫೈಲಿನ ಹೆಸರು ಕೀಯ ಎಂಡಿ5. ಲೆಕ್ಕ ಹಾಕಿ, ಹುಡುಕಿ, ಅಳಿಸಿದೆ. ಎರಡೇ ನಿಮಿಷ. ಅಷ್ಟರಲ್ಲಿ ಯಾರ್ಯಾರು ನೋಡಿದ್ರೋ.

‘ಪ್ರೈವೇಟ್’ ಅಂದ್ರೆ ಅವರವರ ಬ್ರೌಸರ್ ಇಟ್ಟುಕೊಳ್ಳಬಹುದು, ಮಧ್ಯದವರು ಇಟ್ಟುಕೊಳ್ಳಬಾರದು ಅಂತ. ಅಡುಗೆಯವರು ಹೇಳಿಯೇ ಇದ್ರು. ಕಿವಿ ಮುಚ್ಚಿಕೊಂಡವನು ನಾನು.

ಈಗ ಲೋಗೊ, ಬ್ಯಾನರ್‌ಗಳಿಗೆ 30 ದಿನ ಇಡ್ತೀನಿ. ಚಿತ್ರ ಬದಲಾದ್ರೆ ಫೈಲ್ ಹೆಸರಲ್ಲಿ ವರ್ಶನ್ ಬದಲಾಗುತ್ತೆ. ಜನರ ಫೋಟೊಗೆ ಹಿಂದಿನ ಸರ್ವರ್ ಮಾತೇ ಕೊನೆ. ಸ್ವಲ್ಪ ನಿಧಾನ ಆಗುತ್ತೆ, ಆಗಲಿ.

ಆ ಹುಡುಗಿ ಬರೆದ ಉತ್ತರ ಇಷ್ಟೇ: “ಈಗ ಹೋಗಿದೆ. ಥ್ಯಾಂಕ್ಸ್.” ಬೈದಿದ್ರೆ ಎಷ್ಟೋ ವಾಸಿ ಇತ್ತು.

ನೀವೂ ಕ್ಯಾಶ್ ಹಾಕೋರಾದ್ರೆ, ಹೆಡರ್ ಕಡೆಗಣಿಸೋ ಮುಂಚೆ ಅದನ್ನು ಯಾಕೆ ಹಾಕಿದ್ರು ಅಂತ ಒಮ್ಮೆ ಕೇಳಿ. ಮೊದಲ ‘ಹಿಟ್’ಗಿಂತ ಮುಂಚೆ ಅಳಿಸೋ ದಾರಿ ಬರೆದಿಡಿ.