ಬಚ್ಚಲಿನ ಅನಿಲ ಮತ್ತು ಹೊಗೆಕೊಳವೆ

ಯಲಹಂಕದ ಮಾರ್ಗಶಿರದ ಚಳಿಯಲ್ಲಿ ಕಿಟಕಿಯನ್ನು ಬಿಗಿಯಾಗಿ ಮುಚ್ಚಿ, ಗ್ಯಾಸ್ ಗೀಸರನ್ನು ಹೊತ್ತಿಸಿ ಮೀಯುವವರು ಹಲವರಿದ್ದಾರೆ. ಹಿರಿಯರ ಹಂಡೆಯೊಲೆಗೆ ಹೊಗೆಗೂಡಿತ್ತು. ಕಣ್ಣುರಿಸುವ ಹೊಗೆಯೇ ಅದನ್ನು ಕಟ್ಟಿಸಿತು. ಅನಿಲಜ್ವಾಲೆಗೆ ಹೊಗೆಯಿಲ್ಲವೆಂದು ನಾವು ಗೂಡನ್ನು ಮರೆತಿದ್ದೇವೆ.

ಒಂದು ಪಾಲು ಬ್ಯೂಟೇನ್ ಉರಿಯಲು ಆರೂವರೆ ಪಾಲು ಆಮ್ಲಜನಕ, ಎಂದರೆ ಸುಮಾರು 31 ಪಾಲು ಗಾಳಿ ಬೇಕು. ಗಾಳಿ ಸಾಲದಾದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದ ಹೀಮೊಗ್ಲೋಬಿನ್ನು ಇದನ್ನು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಸೋರಿಕೆಯನ್ನು ಸಾರಲೆಂದು ಅನಿಲಕ್ಕೆ ಬೆರೆಸಿದ ದುರ್ಗಂಧವು ಜ್ವಾಲೆಯಲ್ಲಿಯೇ ಸುಟ್ಟುಹೋಗುವುದರಿಂದ ಮೂಗು ಎಚ್ಚರಿಸದು.

ಕೊಳವೆಯೇ ಇಲ್ಲದ ಗೀಸರು ಬಚ್ಚಲಿನೊಳಗೆ ಇರಕೂಡದೆಂಬುದು ನಮ್ಮ ಅಭಿಪ್ರಾಯ. ‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎಂದು ನಮ್ಮ ವಿದ್ಯಾರ್ಥಿಗಳೇ ವಾದಿಸಿದ್ದುಂಟು. ಕೊಳವೆಯಿದ್ದರೂ, ಕದ ಮುಚ್ಚಿದ ಕೋಣೆಯಲ್ಲಿ ಫ್ಯಾನು ಒತ್ತಡವನ್ನು ತಗ್ಗಿಸಿದರೆ, ಮೇಲೇರಬೇಕಾದ ಅನಿಲಗಳು ಮರಳಿ ಒಳಕ್ಕೆ ಇಳಿಯಬಹುದು. ಬಿಸಿಗಾಳಿ ಹಗುರವಾದುದರಿಂದ ಏರುತ್ತದೆ. ಆದುದರಿಂದ ಕೊಳವೆಯು ಮೇಲ್ಮುಖವಾಗಿ, ಬಾಗುಗಳು ಕಡಿಮೆಯಾಗಿ, ಬಯಲಿಗೆ ತೆರೆಯಬೇಕು.

ನಾವು ಬಾಡಿಗೆಗೆ ಹಿಡಿದ ಮನೆಯಲ್ಲಿ ಅದು ಎರಡು ಗೋಡೆಗಳ ನಡುವಣ ಇಕ್ಕಟ್ಟಿಗೆ ತೆರೆದಿತ್ತು; ನೆರೆಯವರ ಬಚ್ಚಲಿನ ಕಿಟಕಿಯೂ ಅಲ್ಲಿಯೇ. ಗೀಸರನ್ನು ಹಿತ್ತಲಿನ ಹೊರಗೋಡೆಗೆ ಸಾಗಿಸಿ, ಬಿಸಿನೀರನ್ನು ಮಾತ್ರ ಒಳಕ್ಕೆ ತಂದೆವು. ಗೋಡೆ ಕೊರೆದುದು ಮನೆಯೊಡೆಯರಿಗೆ ಹಿಡಿಸಲಿಲ್ಲ.