ಸಿಪಾಯಿಯ ದೇಶಭಕ್ತಿ, ಗುಮಾಸ್ತನ ಮೇಜು

ದೇಶಭಕ್ತಿಯನ್ನು ತೂಗುವ ತಕ್ಕಡಿ ಈಗ ಎಲ್ಲರ ಕೈಯಲ್ಲೂ ಇದೆ. ಯಾರ ಘೋಷಣೆ ಜೋರು, ಯಾರ ಅಂಗಡಿಯ ಮೇಲೆ ಬಾವುಟ ದೊಡ್ಡದು ಎಂಬುದೇ ಪರೀಕ್ಷೆಯಾಗಿಬಿಟ್ಟಿದೆ. ನಾವು ಬೇರೊಂದು ಪ್ರಶ್ನೆ ಕೇಳುತ್ತೇವೆ: ನೆರೆಮನೆಯವನ ಹೆಸರು ಮತದಾರರ ಪಟ್ಟಿಯಿಂದ ಮಾಯವಾದಾಗ ತಾವು ಏನು ಮಾಡಿದಿರಿ?

ಈ ಪ್ರಶ್ನೆಯನ್ನು ಕೇಳುವ ಹಕ್ಕನ್ನು ಬೆಲೆ ತೆತ್ತು ಪಡೆದವರಲ್ಲಿ ಅಮೆರಿಕದ ಚಾರ್ಲ್ಸ್ ಎವರ್ಸ್ ಒಬ್ಬರು. 2020ರಲ್ಲಿ, 97ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ಕಪ್ಪು ವರ್ಣದ ಮುದಿ ಸಿಪಾಯಿ ಎಪ್ಪತ್ತು ದಾಟಿದ ಮೇಲೆ ಪ್ರಕಟಿಸಿದ ಆತ್ಮಕಥೆಯಲ್ಲಿ ತನ್ನ ಯೌವನದ ಒಂದು ದಿನವನ್ನು ನೆನೆದಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಅವರು ಪೆಸಿಫಿಕ್ ಕಡೆಗೆ ಹೋಗಿದ್ದರು. ತಮ್ಮ ಮೆಡ್ಗರ್ ಫ್ರಾನ್ಸಿಗೆ ಹೋಗಿದ್ದ. ಇಬ್ಬರೂ ಜೀವಸಹಿತ ಮಿಸಿಸಿಪ್ಪಿ ರಾಜ್ಯದ ತಮ್ಮ ಊರು ಡಿಕೇಟರಿಗೆ ಮರಳಿದರು. 1946ರ ಜುಲೈ 2. ಅಂದು ಮೆಡ್ಗರನಿಗೆ 21 ವರ್ಷ ತುಂಬಿತು, ಅಂದೇ ಮತದಾನ. ಅಣ್ಣತಮ್ಮಂದಿರು ಇತರ ಕೆಲವು ಗೆಳೆಯರೊಡನೆ ಕೋರ್ಟು ಕಟ್ಟಡಕ್ಕೆ ಹೋದರು. ಬಂದೂಕು ಹಿಡಿದ ಬಿಳಿಯರ ಗುಂಪು ಅವರನ್ನು ಅಡ್ಡಗಟ್ಟಿ ಹಿಂದಕ್ಕೆ ಕಳಿಸಿತು. ಹಿಟ್ಲರನನ್ನು ಸೋಲಿಸಿ ಬಂದ ಸೈನ್ಯದ ಯುವಕರಿಗೆ ಹುಟ್ಟೂರಿನ ಮತಪೆಟ್ಟಿಗೆಯ ಬಳಿ ಸುಳಿಯಲು ಬಿಡಲಿಲ್ಲ.

ಬಂದೂಕು ಕಣ್ಣಿಗೆ ಕಾಣುತ್ತದೆ. ಆದರೆ ನಿಜವಾದ ಕೆಲಸ ನಡೆದದ್ದು ಗುಮಾಸ್ತನ ಮೇಜಿನ ಮೇಲೆ. 1890ರ ಮಿಸಿಸಿಪ್ಪಿ ಸಂವಿಧಾನದಲ್ಲಿ ಕಪ್ಪು ಜನರು ಮತ ಹಾಕಕೂಡದೆಂದು ಎಲ್ಲಿಯೂ ಬರೆದಿರಲಿಲ್ಲ. ಮತಗಂದಾಯ ಎರಡು ಡಾಲರ್ ಕಟ್ಟಬೇಕು, ಸಂವಿಧಾನದ ಒಂದು ಕಲಮನ್ನು ಓದಬೇಕು ಅಥವಾ ಅರ್ಥ ಹೇಳಬೇಕು ಎಂದು ಮಾತ್ರ ಇತ್ತು. ಹೇಳಿದ ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಮೇಜಿನ ಆಚೆ ಕುಳಿತವನು. (ಮೇಷ್ಟ್ರಾಗಿ ಹತ್ತಾರು ಪರೀಕ್ಷೆ ನಡೆಸಿದ ನಾವು ಬಲ್ಲೆವು: ಫೇಲು ಮಾಡಲೇಬೇಕೆಂದು ಕುಳಿತವನ ಮುಂದೆ ಪಂಡಿತನೂ ಪಾಸಾಗಲಾರ.) ಈ ಕ್ರಮದ ಫಲವಾಗಿ 1965ಕ್ಕೆ ಮುಂಚೆ ಆ ರಾಜ್ಯದ ವಯಸ್ಕ ಕಪ್ಪು ಜನರಲ್ಲಿ ನೂರಕ್ಕೆ ಏಳು ಮಂದಿಯ ಹೆಸರೂ ಪಟ್ಟಿಯಲ್ಲಿರಲಿಲ್ಲ. 1965ರ ಮತಹಕ್ಕು ಕಾಯಿದೆ ಬಂದು ಎರಡೇ ವರ್ಷದಲ್ಲಿ ಅದು ನೂರಕ್ಕೆ ಸುಮಾರು ಅರುವತ್ತಕ್ಕೇರಿತು. ಜನರು ಅಸಡ್ಡೆಯವರು, ಮತದ ಬೆಲೆ ಅರಿಯದವರು ಎಂದು ಉಪದೇಶಿಸುತ್ತಿದ್ದವರಿಗೆ ಈ ಅಂಕಿಯೇ ಉತ್ತರ.

ಆ ಕಾಯಿದೆಯನ್ನು ನೋಡಲು ಮೆಡ್ಗರ್ ಉಳಿದಿರಲಿಲ್ಲ. 1963ರ ಜೂನ್ 12ರಂದು ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು. ಸರಕಾರ ಸೈನಿಕ ಗೌರವದೊಡನೆ ಆರ್ಲಿಂಗ್ಟನ್ನಿನ ರಾಷ್ಟ್ರೀಯ ರುದ್ರಭೂಮಿಯಲ್ಲಿ ಮಣ್ಣು ಮಾಡಿತು. ಕೊಂದವನಿಗೆ ಶಿಕ್ಷೆಯಾದದ್ದು 1994ರಲ್ಲಿ. ಚಾರ್ಲ್ಸ್ 1969ರಲ್ಲಿ ಫಯೆಟ್ ಪಟ್ಟಣದ ಮೇಯರಾಗಿ ಗೆದ್ದರು. ಮುಂದೆ ಅವರು ರಿಪಬ್ಲಿಕನ್ ಪಕ್ಷ ಸೇರಿದ್ದು ನಮಗೆ ರುಚಿಸುವ ವಿಷಯವಲ್ಲ; ಆದರೆ ಯಾವ ಪಕ್ಷಕ್ಕಾದರೂ ಮತ ಹಾಕುವ ಸ್ವಾತಂತ್ರ್ಯಕ್ಕಾಗಿಯೇ ಅಲ್ಲವೇ ಅವರು ಅಂದು ಕೋರ್ಟಿನ ಮೆಟ್ಟಿಲಿಗೆ ಹೋದದ್ದು!

ಅದು ಅಮೆರಿಕದ ಕಥೆ, ನಮಗೇಕೆ ಎನ್ನಬಹುದು. ನಮ್ಮಲ್ಲಿಯೂ 1935ರ ಕಾಯಿದೆಯಂತೆ ಬ್ರಿಟಿಷ್ ಪ್ರಾಂತಗಳಲ್ಲಿ ಮತ ಇದ್ದದ್ದು ಆಸ್ತಿಯುಳ್ಳವರಿಗೆ, ತೆರಿಗೆ ಕೊಡುವವರಿಗೆ, ಓದಿದವರಿಗೆ. ದಂಡಿನಿಂದ ನಿವೃತ್ತರಾದ ಸಿಪಾಯಿಗಳಿಗೂ ಇತ್ತು. ನೂಲು ಎಳೆಯುವವನಿಗೆ, ತಲೆಯ ಮೇಲೆ ಬುಟ್ಟಿ ಹೊತ್ತು ಮಾರುವವಳಿಗೆ ಇರಲಿಲ್ಲ. 1950ರ ಸಂವಿಧಾನ ಆ ಸಾಲನ್ನು ಅಳಿಸಿತು. ದಂಡನಾಯಕನಿಗೂ ಒಂದು ಮತ, ಜಾಡಮಾಲಿಗೂ ಒಂದು ಮತ. ಆದರೂ ಪ್ರಥಮ ಮಹಾಚುನಾವಣೆಯಲ್ಲಿ ಸುಮಾರು 28 ಲಕ್ಷ ಸ್ತ್ರೀಯರ ಹೆಸರುಗಳು ಬಿದ್ದುಹೋದವು. ಅವರು ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಬರೆಸಿದ್ದರು!

ಇದು ಹಳೆಯ ಮಾತೂ ಅಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ನಮ್ಮ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಬೇಕೆಂದು 6,018 ಅರ್ಜಿಗಳು ಬಂದವು. ತನಿಖೆಯಲ್ಲಿ ಸರಿ ಎಂದು ಕಂಡದ್ದು 24. ಉಳಿದ 5,994 ಸುಳ್ಳು. ಒಬ್ಬ ಮತಗಟ್ಟೆ ಅಧಿಕಾರಿಣಿ ತಮ್ಮ ಬಂಧುವಿನ ಹೆಸರನ್ನೇ ತೆಗೆಯಲು ಅರ್ಜಿ ಬಂದದ್ದನ್ನು ಕಂಡು ವಿಚಾರಿಸಿದ್ದರಿಂದ ಮೋಸ ಬಯಲಾಯಿತು, ಹೆಸರುಗಳು ಉಳಿದವು. ಬಿಹಾರದಲ್ಲಿ 2025ರ ಆಗಸ್ಟಿನ ಕರಡು ಪಟ್ಟಿಯಲ್ಲಿ ಸುಮಾರು 65 ಲಕ್ಷ ಹೆಸರು ಇರಲಿಲ್ಲ. ಸತ್ತವರು, ಊರು ಬಿಟ್ಟವರು ಅದರಲ್ಲಿ ಅನೇಕರಿರಬಹುದು; ಆದರೆ ಸತ್ತರೆಂದು ಬರೆಯಲ್ಪಟ್ಟ ಇಬ್ಬರು ಸುಪ್ರೀಂ ಕೋರ್ಟಿನಲ್ಲಿ ಜೀವಂತ ನಿಂತರು. ಕಾರಣಸಹಿತ ಆ ಹೆಸರುಗಳನ್ನು ಪ್ರಕಟಿಸಿರೆಂದು ಕೋರ್ಟು ಆಗಸ್ಟ್ 14ರಂದು ಆಜ್ಞಾಪಿಸಬೇಕಾಯಿತು.

ಮನೆ ಬದಲಾಯಿಸುವವರು ಯಾರು? ಬಾಡಿಗೆ ಏರಿದಾಗ ಚಾಳು ಬಿಡುವ ಮಿಲ್ ಕಾರ್ಮಿಕ, ಅಂಗಡಿ ಎತ್ತಿ ಬೇರೆ ಬೀದಿಗೆ ಹೋಗುವ ಚಿಲ್ಲರೆ ವ್ಯಾಪಾರಿ. ಬಂಗಲೆಯವರ ವಿಳಾಸ ಮೂರು ತಲೆಮಾರಾದರೂ ಬದಲಾಗದು. ಆದ್ದರಿಂದ ಪಟ್ಟಿಯ ಕತ್ತರಿ ಮೊದಲು ಬೀಳುವುದು ನಮ್ಮವರ ಮೇಲೆಯೇ. ಹೊಸ ಹೆಸರಿಗೆ 6ನೆಯ ನಮೂನೆ, ಮನೆ ಬದಲಾದರೆ 8ನೆಯದು. ತೆಗೆಯಲು ಬೇರೆಯವರು ಹಾಕುವುದು 7ನೆಯದು. ಅದರ ಮೇಲೆ ಕಣ್ಣಿರಲಿ. ಬದುಕಿರುವವನ ಹೆಸರನ್ನು ಅವನಿಗೆ ತಿಳಿಸಿ, ಅವನ ಮಾತು ಕೇಳದೆ ತೆಗೆಯುವಂತಿಲ್ಲ.

ಬರುವ ಭಾನುವಾರ ಬೆಳಿಗ್ಗೆಯಿಂದ ಪಕ್ಷದ ಕಛೇರಿಯಲ್ಲಿ ವಾರ್ಡುವಾರು ಪಟ್ಟಿಯನ್ನು ಗಟ್ಟಿಯಾಗಿ ಓದಲಾಗುವುದು. ರಾತ್ರಿ ಪಾಳಿ ಮುಗಿಸಿದವರು ನೇರವಾಗಿ ಬರಬಹುದು, ಚಹಾ ಇರುತ್ತದೆ. ಅಂಗಡಿ ತೆರೆಯುವ ಮುನ್ನ ವ್ಯಾಪಾರಿ ಮಿತ್ರರೂ ಬರಲಿ. ತಮ್ಮ ಹೆಸರು ಕೇಳಿದೊಡನೆ ಎದ್ದು ಹೋಗಬೇಡಿ. ಓಣಿಯ ಹೆಸರುಗಳು ಮುಗಿಯುವವರೆಗೆ ಕುಳಿತಿರಿ.