ಅದಿತಿಯ ಗಾಲ್ಫ್ ಮತ್ತು ನಮ್ಮ ಗಡಿಯ ಮಕ್ಕಳು



ರಾಜೋಳಿ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆ ಕ್ರಿಕೆಟ್, ಕಬಡ್ಡಿಯ ಮಾತು ಎಲ್ಲೆಡೆ ಇದೆ. ಗಾಲ್ಫ್ ಎಂದರೆ ಮಾತ್ರ "ಅದು ಶ್ರೀಮಂತರ ಆಟ" ಎಂದು ಸುಮ್ಮನಾಗುತ್ತೇವೆ. ಆದರೆ 2021ರ ಆಗಸ್ಟ್ 7ರ ಬೆಳಿಗ್ಗೆ ನಮ್ಮಲ್ಲೂ ಹಲವರು ಟಿವಿ ಮುಂದೆ ಕೂತಿದ್ದೆವು. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದ ದಿನವೇ ಅದು. ಬೆಳಿಗ್ಗೆ ಟೋಕಿಯೊದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕಾಗಿ ಆಡುತ್ತಿದ್ದರು.

ಗಾಲ್ಫ್‌ನಲ್ಲಿ ಕಡಿಮೆ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದವರೇ ಮುಂದೆ. ನಾಲ್ಕು ದಿನ, ದಿನಕ್ಕೆ 18 ಕುಳಿ. ಅಮೆರಿಕದ ನೆಲ್ಲಿ ಕೋರ್ಡಾ 267 ಹೊಡೆತಕ್ಕೆ ಚಿನ್ನ ಗೆದ್ದರು. ಜಪಾನಿನ ಮೋನೆ ಇನಾಮಿ, ನ್ಯೂಜಿಲೆಂಡಿನ ಲಿಡಿಯಾ ಕೊ 268. ಅದಿತಿ 269. ಒಂದೇ ಹೊಡೆತದಲ್ಲಿ ಪದಕ ತಪ್ಪಿತು. ಆಗ ಅವರ ವಿಶ್ವ ಶ್ರೇಯಾಂಕ 200. ಚೀಲ ಹೊತ್ತು ಜೊತೆಗೆ ನಡೆದವರು ಅವರ ತಾಯಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಏಳು ಹೊಡೆತದ ಮುನ್ನಡೆ ಕೊನೆಯ ದಿನ ಕರಗಿದರೂ ಬೆಳ್ಳಿ ಬಂತು. ಆ ಕೂಟದ ಗಾಲ್ಫ್‌ನಲ್ಲಿ ಭಾರತದ ಮಹಿಳೆಗೆ ಸಿಕ್ಕ ಮೊದಲ ಪದಕ ಅದು.

ಇಂದು ವೃತ್ತಿಪರ ಗಾಲ್ಫ್‌ನಲ್ಲಿ ಹಣದ ಹೊಳೆಯೇ ಹರಿಯುತ್ತಿದೆ. 2022ರಲ್ಲಿ ಸೌದಿ ಸರ್ಕಾರಿ ನಿಧಿಯ ಬಲದಿಂದ ಲಿವ್ ಗಾಲ್ಫ್ ಶುರುವಾಯಿತು. ಒಂದೊಂದು ಟೂರ್ನಿಗೆ 2.5 ಕೋಟಿ ಡಾಲರ್ ಇಟ್ಟಿತು. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿ ಅದೇ ವರ್ಷ ಅಲ್ಲಿಗೆ ಹೋದರು. ಹೆಣ್ಣುಮಕ್ಕಳ ಅತಿ ದೊಡ್ಡ ಟೂರ್ನಿಗಳಲ್ಲಿ ಒಂದಾದ ಅಮೆರಿಕ ಮಹಿಳಾ ಓಪನ್‌ಗೆ 2025ರಲ್ಲಿ ಇದ್ದದ್ದು 1.2 ಕೋಟಿ ಡಾಲರ್. ಅದೇ ವರ್ಷದ ಪುರುಷರ ಓಪನ್‌ಗೆ 2.15 ಕೋಟಿ.

ಈ ಹಣ ಕೆಳಗಿನವರೆಗೆ ಇಳಿಯುತ್ತದೆಯೇ? ಆಟದ ಇತಿಹಾಸ ನೋಡಿದರೆ ಹಣಕ್ಕಿಂತ ಹತ್ತಿರವಿರುವುದೇ ಮುಖ್ಯ ಎನಿಸುತ್ತದೆ. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಅಲಿ ಶೇರ್ ದೆಹಲಿಯಲ್ಲಿ ಚೀಲ ಹೊರುತ್ತಿದ್ದವರು. ಎಸ್‌ಎಸ್‌ಪಿ ಚೌರಾಸಿಯಾ ಕೋಲ್ಕತ್ತದ ಗಾಲ್ಫ್ ಅಂಗಳದ ಹುಲ್ಲು ನೋಡಿಕೊಳ್ಳುತ್ತಿದ್ದವರ ಮಗ. ನಮ್ಮ ಚಿಕ್ಕರಂಗಪ್ಪ ಬಿಡದಿ ಬಳಿಯ ಅಂಗಳದ ಪಕ್ಕದ ಹಳ್ಳಿಯವರು. ಇವರಲ್ಲಿ ಯಾರೂ ಸಿರಿವಂತರ ಮನೆಯವರಲ್ಲ. ಅಂಗಳ ಕಣ್ಣೆದುರಿಗಿತ್ತು, ಒಳಗೆ ಕಾಲಿಡಲು ದಾರಿ ಸಿಕ್ಕಿತು. ಅದಿತಿಗೂ ಐದನೇ ವಯಸ್ಸಿಗೇ ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳ ಕೈಗೆಟುಕಿತ್ತು.

ರಾಜೋಳಿಯ ನೇಕಾರರ ಮಗುವಿಗೆ ಹೈದರಾಬಾದಿನ ಅಂಗಳ ಸುಮಾರು 200 ಕಿ.ಮೀ. ದೂರ. ಹಾಗೆಂದು ಇಲ್ಲೊಂದು ಗಾಲ್ಫ್ ಅಂಗಳ ಬೇಕೆಂದು ನಾವು ಕೇಳುವುದಿಲ್ಲ. ತುಂಗಭದ್ರೆ ಪಕ್ಕದಲ್ಲೇ ಹರಿದರೂ ಆರ್‌ಡಿಎಸ್ ಕಾಲುವೆಯ ಕೊನೆಯ ಹೊಲಗಳಿಗೆ ನೀರು ಮುಟ್ಟುವುದೇ ಕಷ್ಟ. ಎಕರೆಗಟ್ಟಲೆ ಹುಲ್ಲಿಗೆ ನೀರು ಹಾಯಿಸುವುದು ನಮ್ಮ ರೈತರಿಗೆ ಮಾಡುವ ಅನ್ಯಾಯ.

ನಾವು ಕೇಳಬೇಕಾದದ್ದು ಬೇರೆ. ಗಡಿಯ ಕನ್ನಡ ಶಾಲೆಗಳಿಗೆ ಆಟದ ಬಯಲು ಉಳಿಯಲಿ, ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬೀಳದಿರಲಿ. ಯಾವ ಆಟವಾದರೂ ಸರಿ, ಮಗುವಿನ ಕಾಲಿಗೆ ಎಟುಕುವಷ್ಟು ಹತ್ತಿರವಿರಲಿ. ಮಕ್ಕಳ ಸಂಖ್ಯೆ ಕಡಿಮೆಯೆಂದು ಶಾಲೆ ಮುಚ್ಚಿದರೆ ಭಾಷೆಯ ಜೊತೆಗೆ ಬಯಲೂ ಹೋಗುತ್ತದೆ.

2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಗಂಡು-ಹೆಣ್ಣು ಜೋಡಿಯ ಗಾಲ್ಫ್ ಸ್ಪರ್ಧೆಯೂ ಇದೆ. ಅಷ್ಟರೊಳಗೆ ನಿಮ್ಮ ಊರಿನ ಕನ್ನಡ ಶಾಲೆಯ ಬಯಲು ಹೇಗಿದೆ, ಶಿಕ್ಷಕರಿದ್ದಾರೆಯೇ ಎಂಬುದನ್ನು ಸದಸ್ಯರು ನೋಡಿ ಸಂಘಕ್ಕೆ ತಿಳಿಸಿ. ಎಲ್ಲ ಊರುಗಳ ವಿವರ ಸೇರಿಸಿ ಒಟ್ಟಾಗಿ ಮನವಿ ಕೊಡೋಣ.